ನಿಲ್ಲಿಸಿ ಅಂದದ್ದು ಒಂದೇ ಮಾತ್ರೆಯನ್ನು

2022ರಲ್ಲಿ ನಾನು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆಯಾಗಿದ್ದೆ. ಟ್ರಸ್ಟ್ ನಡೆಸುತ್ತಿದ್ದ ಸಣ್ಣ ಆಸ್ಪತ್ರೆ ಅದು. ಒಂದು ಆಪರೇಷನ್ ಥಿಯೇಟರ್, ಒಂದು ಲ್ಯಾಬ್, ಒಂದು ಸ್ಕ್ಯಾನಿಂಗ್ ಯಂತ್ರ ಇದ್ದವು. ವಾರದಲ್ಲಿ ಒಂದು ದಿನ ಮುಳಬಾಗಿಲಿಗೆ ಹೋಗಿ ಅಲ್ಲಿನ ಗರ್ಭಿಣಿಯರನ್ನು ನೋಡಿ ಬರುತ್ತಿದ್ದೆ. ಅದಕ್ಕೂ ಹಿಂದೆ ಬಹಳ ವರ್ಷ ಮಾಲೂರಿನಲ್ಲಿದ್ದವಳು. ಹೀಗೆ ಜಿಲ್ಲೆಯ ಮೂರು ತಾಲ್ಲೂಕುಗಳ ಹೆಂಗಸರ ಕಾಯಿಲೆಗಳು ನನಗೆ ಹೆಚ್ಚುಕಡಿಮೆ ಗೊತ್ತಿದ್ದವು ಎಂದು ತಿಳಿದಿದ್ದೆ. ರಕ್ತಹೀನತೆ, ಬಿ.ಪಿ., ಸಕ್ಕರೆ, ಥೈರಾಯ್ಡ್. ಸಿಕಲ್ ಸೆಲ್ ಕಾಯಿಲೆಯನ್ನು ಪರೀಕ್ಷೆಗೆಂದು ಓದಿದ್ದೆ, ಪಾಸಾಗಿದ್ದೆ. ಅದಿರುವ ಗರ್ಭಿಣಿಯೊಬ್ಬಳನ್ನು ಕಣ್ಣಾರೆ ನೋಡಿರಲಿಲ್ಲ.

ಜುಲೈ ತಿಂಗಳಲ್ಲಿ ಗೌರಿ ಬಂದಳು. ಇದು ಅವಳ ನಿಜವಾದ ಹೆಸರಲ್ಲ. ಇಪ್ಪತ್ತಮೂರು ವರ್ಷ, ತೆಳ್ಳಗೆ, ಕಣ್ಣಿನ ಬಿಳಿಭಾಗದಲ್ಲಿ ತುಸು ಹಳದಿ. ಚಾಮರಾಜನಗರದ ಕಾಡಂಚಿನ ಒಂದು ಪೋಡಿನವಳು, ಎಂದರೆ ಬುಡಕಟ್ಟಿನವರ ಹಾಡಿಯವಳು. ವೇಮಗಲ್‌ನ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಬಂದಿದ್ದಾಗ ಅಲ್ಲೇ ಕೆಲಸ ಮಾಡುತ್ತಿದ್ದ ಮುನಿರಾಜುವನ್ನು ಮದುವೆಯಾಗಿದ್ದಳು. ಅವನ ಊರು ಯಲ್ದೂರಿನ ಹತ್ತಿರ. ಮದುವೆಯ ನಂತರ ಇಬ್ಬರೂ ಊರಿನ ಮನೆಗೇ ಬಂದು ಸೇರಿದ್ದರು. ಮನೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ, ರೇಷ್ಮೆ ಹುಳ ಸಾಕಣೆ. ಅವನ ಅಮ್ಮ ವೆಂಕಟಮ್ಮನೂ ಅವತ್ತು ಜೊತೆಗೆ ಬಂದಿದ್ದರು.

ಗೌರಿ ಚೀಲದಿಂದ ಒಂದು ಕ್ಯಾಪ್ಸೂಲ್ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು. "ಇದ ಚಿಕ್ಕಂದಿಂದ ತಗತಾ ಇವ್ನಿ ಮೇಡಂ. ರಕ್ತದ ಕಾಯ್ಲೆಗೆ," ಎಂದಳು. ಅದು ಹೈಡ್ರಾಕ್ಸಿಯೂರಿಯಾ.

ಓದುಗರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ರಕ್ತದ ಕೆಂಪು ಕಣಗಳು ದುಂಡಗೆ, ಮೆತ್ತಗೆ ಇರುತ್ತವೆ; ಸಣ್ಣ ನಾಳಗಳಲ್ಲೂ ಬಾಗಿ ನುಸುಳಿ ಹೋಗುತ್ತವೆ. ಸಿಕಲ್ ಸೆಲ್ ಇರುವವರಲ್ಲಿ ಅವು ಆಗಾಗ ಕುಡುಗೋಲಿನಂತೆ ಬಾಗಿ ಗಡುಸಾಗುತ್ತವೆ, ನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಸಿಕ್ಕಿಕೊಂಡ ಕಡೆ ವಿಪರೀತ ನೋವು. ಎದೆಯಲ್ಲಿ ಸಿಕ್ಕಿಕೊಂಡರೆ ಉಸಿರಿಗೇ ಸಂಚಕಾರ. ತಂದೆ ತಾಯಿ ಇಬ್ಬರಿಂದಲೂ ಆ ಗುಣ ಬಂದ ಮಕ್ಕಳಿಗೆ ಮಾತ್ರ ಈ ಕಾಯಿಲೆ. ಹೈಡ್ರಾಕ್ಸಿಯೂರಿಯಾ ಈ ನೋವು ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧ. ಆದರೆ ಅದು ಮೈಯ ಜೀವಕೋಶಗಳು ಹೊಸದಾಗಿ ಹುಟ್ಟುವ ಕೆಲಸಕ್ಕೇ ಕೈ ಹಾಕುತ್ತದೆ. ಹೊಟ್ಟೆಯಲ್ಲಿ ಬೆಳೆಯುವ ಮಗುವೆಂದರೆ ಇಡೀ ಅದೇ ಕೆಲಸ. ಹಾಗಾಗಿ ಮಗು ಬೇಕೆಂದಾಗ ಕೆಲವು ತಿಂಗಳು ಮೊದಲೇ ಅದನ್ನು ನಿಲ್ಲಿಸುವುದು ರೂಢಿ. ಗೌರಿಗೆ ಆಗಲೇ ಒಂಬತ್ತು ವಾರ. ಅವತ್ತು ಬೆಳಿಗ್ಗೆಯೂ ಒಂದು ನುಂಗಿ ಬಂದಿದ್ದಳು.

ನಾನು ಬೆಂಗಳೂರಿನಲ್ಲಿರುವ ರಕ್ತರೋಗ ತಜ್ಞ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ. "ಇವತ್ತೇ ನಿಲ್ಲಿಸಿ. ಆದರೆ ಬರೀ ಇದೊಂದು ಕಾರಣಕ್ಕೆ ಗರ್ಭ ತೆಗೆಯಬೇಕು ಅಂತ ಹೇಳಬೇಡಿ," ಎಂದರು. ಪ್ರಾಣಿಗಳ ಮೇಲಿನ ಪ್ರಯೋಗದಲ್ಲಿ ತೊಂದರೆ ಕಂಡಿದೆ, ಮನುಷ್ಯರಲ್ಲಿ ಹಾಗೆಂದು ಖಚಿತವಾಗಿ ಹೇಳಲು ಆಧಾರ ಸಾಲದು ಎಂಬುದು ಅವರ ಮಾತು. ಹಾಗಾದರೆ ಮಗುವಿಗೆ ಏನೂ ಆಗುವುದಿಲ್ಲವೇ ಎಂದು ಕೇಳಿದೆ. "ಅದನ್ನೂ ಹೇಳಲಾರೆ. ಹತ್ತೊಂಬತ್ತು ಇಪ್ಪತ್ತು ವಾರಕ್ಕೆ ಸ್ಕ್ಯಾನ್ ಮಾಡಿ ನೋಡಿ."

ಇದನ್ನು ಆ ಮೂವರಿಗೆ ಹೇಗೆ ಹೇಳುವುದು? ತೊಂದರೆ ಇದೆ ಅಂದರೂ ಸುಳ್ಳು, ಇಲ್ಲ ಅಂದರೂ ಸುಳ್ಳು. ಗೊತ್ತಿಲ್ಲ ಎಂದೇ ಹೇಳಿದೆ. ಮುನಿರಾಜು ನನ್ನ ಮುಖವನ್ನೇ ನೋಡಿದ. "ಗೊತ್ತಿಲ್ಲ ಅಂದ್ರೆ ಇಟ್ಕೋಬೇಕಾ, ಬೇಡ್ವಾ ಮೇಡಂ?" ಎಂದ. ಗೌರಿ ಅವನ ಕಡೆ ತಿರುಗದೆ, "ಇಟ್ಕತೀನಿ," ಎಂದಳು. ಅವತ್ತು ಅವಳು ಆಡಿದ ಎರಡನೆಯ ಮಾತು ಅದು.

ಅವಳ ಹಿಮೋಗ್ಲೋಬಿನ್ 7.6 ಇತ್ತು. ನಮ್ಮಲ್ಲಿ ಯಾವ ಗರ್ಭಿಣಿಗಾದರೂ ಅಷ್ಟು ಕಡಿಮೆ ಕಂಡರೆ ಕೈ ತಾನಾಗಿ ಕಬ್ಬಿಣಾಂಶದ ಮಾತ್ರೆ ಬರೆದುಬಿಡುತ್ತದೆ. ಈ ಕಾಯಿಲೆಯಲ್ಲಿ ಹಾಗಲ್ಲ. ಕಣಗಳು ಬೇಗ ಒಡೆಯುವುದರಿಂದ ರಕ್ತ ಕಡಿಮೆ. ಒಳಗೆ ಕಬ್ಬಿಣ ಕಡಿಮೆ ಇರಬೇಕೆಂದೇನೂ ಇಲ್ಲ. ಅದರ ಪರೀಕ್ಷೆ ಬೇರೆ ಇದೆ, ಮಾಡಿಸಿದೆವು. ಸಾಕಷ್ಟು ಇತ್ತು. ಊರಿನ ಆಶಾ ಕಾರ್ಯಕರ್ತೆಗೂ ಕಬ್ಬಿಣದ ಮಾತ್ರೆ ಕೊಡಬೇಡಿ ಎಂದು ಹೇಳಿ ಕಳಿಸಿದೆ. ಮುನಿರಾಜುವಿನ ರಕ್ತವನ್ನೂ ಪರೀಕ್ಷಿಸಿದೆವು. ಅವನಲ್ಲಿ ಸಿಕಲ್ ಗುಣ ಇರಲಿಲ್ಲ. ಎಂದರೆ ಹುಟ್ಟುವ ಮಗುವಿಗೆ ಈ ಕಾಯಿಲೆ ಬರುವುದಿಲ್ಲ, ತಾಯಿಯಿಂದ ಆ ಗುಣ ಮಾತ್ರ ಬರುತ್ತದೆ. ಆ ದಿನಗಳಲ್ಲಿ ನನಗೆ ಖಚಿತವಾಗಿ ಹೇಳಲು ಸಾಧ್ಯವಾದ ಮಾತು ಅದೊಂದೇ.

ಕ್ಯಾಪ್ಸೂಲ್ ನಿಲ್ಲಿಸಿ ಬೇರೆ ಮೂರು ಮಾತ್ರೆ ಕೊಟ್ಟೆ. ಹೊಸ ರಕ್ತಕಣಗಳಿಗೆ ಫೋಲಿಕ್ ಆಸಿಡ್, ಸೋಂಕು ತಗಲದಂತೆ ಪೆನಿಸಿಲಿನ್, ಬಿ.ಪಿ. ಏರದಂತೆ ಹನ್ನೆರಡು ವಾರ ಕಳೆದ ಮೇಲೆ ಸಣ್ಣ ಪ್ರಮಾಣದ ಆಸ್ಪಿರಿನ್. ಬಾಗಿಲ ಬಳಿ ನಿಂತಿದ್ದ ವೆಂಕಟಮ್ಮ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಹೊರಡುವಾಗ ಒಂದೇ ಪ್ರಶ್ನೆ ಕೇಳಿದರು. "ಇಷ್ಟ್ ದಿನ ತಿಂದಿದ್ದು ಮಗೂಗೆ ಆಗಲ್ಲ ಅಂತೀರಾ?"

"ಆ ಕ್ಯಾಪ್ಸೂಲ್ ಬೇಡ ಅಂತ ಅಷ್ಟೆ ಅಮ್ಮ."

"ಆಯ್ತು ಬಿಡಿ. ನಾನ್ ನೋಡ್ಕೋತೀನಿ," ಎಂದರು. ನೋಡಿಕೊಂಡರು ಕೂಡ. ಸೆಪ್ಟೆಂಬರ್ ಕೊನೆಯಲ್ಲಿ ಸ್ಕ್ಯಾನ್ ಮಾಡಿದಾಗ ಮಗುವಿನ ಬೆನ್ನೆಲುಬು, ಹೃದಯ, ಕೈಕಾಲು ಎಲ್ಲವೂ ಸರಿಯಾಗಿ ಕಂಡವು. ನಾನು ಎರಡು ಸಲ ನೋಡಿದೆ. ಸ್ಕ್ಯಾನ್‌ನಲ್ಲಿ ಕಾಣದ ವಿಷಯಗಳೂ ಇರುತ್ತವೆ ಎಂದೆನಾದರೂ ಆ ಮಾತು ಯಾರ ಕಿವಿಗೂ ಬಿದ್ದಂತೆ ಕಾಣಲಿಲ್ಲ. "ನಿಲ್ಸಿದ್ದಕ್ಕೇ ಉಳೀತು ನೋಡಿ," ಎಂದು ವೆಂಕಟಮ್ಮ ಸೊಸೆಯ ಬೆನ್ನು ಸವರಿದರು. ಅಕ್ಟೋಬರ್ ಕೊನೆಗೆ ಇನ್ನೊಮ್ಮೆ ಬಂದರು. ಆಗಲೂ ಎಲ್ಲ ಸರಿಯಿತ್ತು. ನವೆಂಬರ್‌ನಲ್ಲಿ ಬರಬೇಕಾದವರು ಬರಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟುವ ಸಮಯ, ಮನೆಯಿಂದ ಒಬ್ಬರೂ ಅಲುಗಾಡುವ ಹಾಗಿಲ್ಲ, ಮುಂದಿನ ವಾರ ಬರುತ್ತೇವೆ ಎಂದು ಮುನಿರಾಜು ಫೋನ್ ಮಾಡಿದ. ಹುಳ ಸಾಕುವ ಮನೆಗಳಲ್ಲಿ ಇದು ಮಾಮೂಲು. ಆ ಮುಂದಿನ ವಾರವೂ ಅವರು ಬರಲಿಲ್ಲ.

ಡಿಸೆಂಬರ್ ಮೊದಲ ವಾರ ವಿಪರೀತ ಚಳಿಯಿತ್ತು. ಬೆಳಿಗ್ಗೆ ನಾನು ಹೊರರೋಗಿಗಳನ್ನು ನೋಡಲು ಕೂರುವ ಹೊತ್ತಿಗೆ ಮುನಿರಾಜು ಮತ್ತು ವೆಂಕಟಮ್ಮ ಬಾಡಿಗೆ ಕಾರಿನಿಂದ ಗೌರಿಯನ್ನು ಇಳಿಸಿದರು. ಇಪ್ಪತ್ತೊಂಬತ್ತು ವಾರ ತುಂಬಿತ್ತು. ಹಿಂದಿನ ದಿನದಿಂದ ತೊಡೆ, ಬೆನ್ನು, ಪಕ್ಕೆ ನೋವು; ಈಗ ಎದೆಗೆ ಬಂದಿತ್ತು. ಉಸಿರನ್ನು ಪೂರ್ತಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಬೆರಳಿಗೆ ಯಂತ್ರ ಹಾಕಿದರೆ ಆಮ್ಲಜನಕ ತೊಂಬತ್ತೊಂದು. ಮೈ ಬಿಸಿ. ನಾಲಿಗೆ ಒಣಗಿತ್ತು.

"ಎಷ್ಟು ನೋವಿದೆ ಗೌರಿ?"

"ವಸಿ ನೋವು," ಎಂದಳು, ಸ್ವಲ್ಪವೇ ಎಂಬಂತೆ. ಹಲ್ಲು ಕಚ್ಚಿಕೊಂಡಿದ್ದಳು. ಮಗುವಿನ ಎದೆಬಡಿತ ಕೇಳಿಸಿತು, ಸರಿಯಾಗಿಯೇ ಇತ್ತು.

ಆಮ್ಲಜನಕ ಹಾಕಿ, ರಕ್ತನಾಳಕ್ಕೆ ದ್ರವ ಹಚ್ಚಿ, ನಾನು ಎಲ್ಲ ವೈದ್ಯರೂ ಕೇಳುವುದನ್ನೇ ಕೇಳಿದೆ. ಏನು ಮಾತ್ರೆ ತಗೊಂಡಿದ್ದಾಳೆ? ನನ್ನ ತಲೆಯಲ್ಲಿ ಇದ್ದದ್ದು ಯಾವುದಾದರೂ ಅಂಗಡಿ ಮಾತ್ರೆ, ನಾಟಿ ಔಷಧ, ಇಲ್ಲವೇ ಯಾರೋ ಕೊಟ್ಟ ಕಬ್ಬಿಣಾಂಶದ ಚುಚ್ಚುಮದ್ದು.

"ಒಂದೂ ತಗೊಂಡಿಲ್ಲಮ್ಮ," ಎಂದರು ವೆಂಕಟಮ್ಮ. ಧ್ವನಿಯಲ್ಲಿ ಜವಾಬ್ದಾರಿ ನಿಭಾಯಿಸಿದವರ ಗಟ್ಟಿತನವಿತ್ತು. "ನೆನ್ನೆ ಊರಲ್ಲಿ ಡಾಕ್ಟ್ರು ನೋವಿಗೆ ಇಂಜೆಕ್ಷನ್ ಕೊಡ್ತೀನಿ ಅಂದ್ರು. ಡೈಕ್ಲೋ ಏನೋ. ಅದೂ ಬೇಡ ಅಂದ್ಬಿಟ್ಟೆ."

ನನಗೆ ಸಮಾಧಾನವಾಯಿತು. ಡೈಕ್ಲೋಫೆನಾಕ್ ಸಾಮಾನ್ಯ ನೋವಿಗೆ ಎಲ್ಲ ಕಡೆ ಕೊಡುವ ಇಂಜೆಕ್ಷನ್. ಆದರೆ ಗರ್ಭದ ಕೊನೆಯ ತಿಂಗಳುಗಳಲ್ಲಿ ಅದು ಮಗುವಿನ ಹೃದಯದ ಬಳಿಯ ಒಂದು ನಾಳವನ್ನು ಹೊತ್ತಿಗೆ ಮುಂಚೆ ಮುಚ್ಚಿಸಬಹುದು, ಮೂತ್ರಪಿಂಡಕ್ಕೂ ತೊಂದರೆ ಕೊಡಬಹುದು. ಬೇಡ ಅಂದದ್ದು ಒಳ್ಳೆಯದಾಯಿತು ಎಂದು ನಾನು ಹೇಳಿಯೂಬಿಟ್ಟೆ. ಹೇಳಿದ ಮೇಲೆ ಅವರ ಮೊದಲ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು.

"ಒಂದೂ ಅಂದ್ರೆ? ನಾನು ಕೊಟ್ಟ ಮೂರು ಮಾತ್ರೆ?"

"ಅವೂ ಇಲ್ಲ. ಹೋದ್ಸಲ ಇಲ್ಲಿಂದ ಹೋದ್ಮೇಲೆ ಎಲ್ಲಾ ನಿಲ್ಸಿಬಿಟ್ಟೆ. ಮಾತ್ರೆ ಮಗೂಗೆ ಆಗಲ್ಲ ಅಂದಿದ್ದು ನೀವೇ ಅಲ್ವೇನಮ್ಮ?"

ಮುನಿರಾಜು ಅಮ್ಮನ ಕಡೆ ತಿರುಗಿದ. "ನಿಲ್ಸಿದ್ದೀನಿ ಅಂತ ನಂಗೆ ಹೇಳಿದ್ಯಾ ನೀನು?"

"ನಿಂಗೇನೋ ಹೇಳೋದು? ಹುಳ ಹಣ್ಣಾಗಿರೋದೇ ಗೊತ್ತಾಗಲ್ಲ ನಿಂಗೆ, ಇನ್ನ ಹೆಂಡ್ತಿ ತಿಂದ್ಲೋ ಬಿಟ್ಲೋ ನೋಡ್ತಿದ್ಯಾ?" ಎಂದರು. ಅಷ್ಟು ಹೇಳಿ ಅವರಿಗೇ ಅಳು ಬಂತು.

ಅವರಿಗೆ ಉತ್ತರ ಕೊಡುವಷ್ಟು ಸಮಯವಿರಲಿಲ್ಲ. ಎದೆಗೆ ಬಂದ ನೋವನ್ನು ಮೊದಲು ತಗ್ಗಿಸಬೇಕಿತ್ತು. ನೋವಿದ್ದಷ್ಟೂ ಅವಳು ಉಸಿರನ್ನು ಮೇಲುಮೇಲೆ ಎಳೆಯುತ್ತಾಳೆ, ಹಾಗೆ ಎಳೆದಷ್ಟೂ ಶ್ವಾಸಕೋಶ ಕೆಡುತ್ತದೆ, ಆಮ್ಲಜನಕ ಇಳಿಯುತ್ತದೆ, ಇನ್ನಷ್ಟು ಕಣಗಳು ಬಾಗುತ್ತವೆ. ನಮ್ಮಲ್ಲಿ ಮಾರ್ಫಿನ್ ಇತ್ತು. ಸಿಸ್ಟರ್ ಸಿರಿಂಜ್ ತಂದಾಗ ವೆಂಕಟಮ್ಮ ಹಾಸಿಗೆಗೆ ಅಡ್ಡ ನಿಂತರು. ಗಾಬರಿಯಲ್ಲಿ ಅವರ ಮಾತು ತೆಲುಗಿಗೆ ತಿರುಗಿತ್ತು. "ವದ್ದು ತಲ್ಲೀ, ವದ್ದು," ಬೇಡ ತಾಯಿ, ಬೇಡ ಎಂದು ಸಿಸ್ಟರ್ ಕೈ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ನೋಡಿ ಕನ್ನಡದಲ್ಲಿ, "ನೆನ್ನೆ ಇಂಜೆಕ್ಷನ್ ಬೇಡ ಅಂದಿದ್ದು ಒಳ್ಳೇದಾಯ್ತು ಅಂತ ಈಗ್ಲೇ ಅಂದ್ರಿ. ಈಗ ನೀವೇ ಚುಚ್ತೀನಿ ಅಂತೀರಿ. ಯಾವ್ದಮ್ಮ ನಿಜ?" ಎಂದರು.

ಆ ಇಂಜೆಕ್ಷನ್ ಈ ತಿಂಗಳಲ್ಲಿ ಕೂಡದು, ಈ ಇಂಜೆಕ್ಷನ್ ಕೊಡಬಹುದು. ಆ ಕ್ಯಾಪ್ಸೂಲ್ ಬೇಡ, ಈ ಮಾತ್ರೆಗಳು ಬೇಕು. ಬೇರೆ ಗರ್ಭಿಣಿಯರಿಗೆ ಕಬ್ಬಿಣ ಬೇಕು, ಇವಳಿಗೆ ಬೇಡ. ನನಗೆ ಇವೆಲ್ಲ ಬೇರೆ ಬೇರೆ ವಿಷಯಗಳು. ಅವರ ಜಾಗದಲ್ಲಿ ನಿಂತು ನೋಡಿದರೆ ಗಳಿಗೆಗೊಂದು ಮಾತಾಡುವ ಡಾಕ್ಟರ್ ಕಾಣುತ್ತಾಳೆ. ಮಾರ್ಫಿನ್‌ನಿಂದ ಮಗುವಿಗೆ ಏನೇನೂ ಆಗುವುದಿಲ್ಲ ಎಂದು ಹೇಳುವ ಹಾಗೂ ಇರಲಿಲ್ಲ. ಈ ಸ್ಥಿತಿಯಲ್ಲಿ ಕೊಡದಿರುವುದೇ ಹೆಚ್ಚು ಅಪಾಯ ಎಂದಷ್ಟೇ ಹೇಳಬಹುದಿತ್ತು. ಹೇಳಿದೆ. ಅವರು ಕೈ ಬಿಡಲಿಲ್ಲ.

ಆಗ ಮಲಗಿದ್ದಲ್ಲಿಂದ ಗೌರಿ, "ಅತ್ತೆ, ಬುಡಿ," ಎಂದಳು. ಮಾಸ್ಕ್‌ನ ಒಳಗಿಂದ ಮಾತು ಸರಿಯಾಗಿ ಕೇಳುತ್ತಿರಲಿಲ್ಲ. ಕೈಯಿಂದ ಮಾಸ್ಕ್ ಸರಿಸಿದಳು. "ಮೇಡಂ, ಕೊಡಿ. ತಡ್ಕಳಕ್ಕಾಯ್ತಿಲ್ಲ."

ವೆಂಕಟಮ್ಮ ಕೈ ಬಿಟ್ಟರು. ಸೊಸೆ ತಡೆಯಲಾಗುತ್ತಿಲ್ಲ ಎಂದದ್ದನ್ನು ಮದುವೆಯಾಗಿ ಬಂದ ಮೇಲೆ ಅವರು ಕೇಳಿದ್ದು ಅದೇ ಮೊದಲಂತೆ.

ಇಂಜೆಕ್ಷನ್ ಕೊಟ್ಟು, ಅವಳ ಉಸಿರಾಟವನ್ನು ನೋಡಿಕೊಳ್ಳುತ್ತಾ ಆಂಬ್ಯುಲೆನ್ಸ್‌ನಲ್ಲಿ ಕೋಲಾರದ ದೊಡ್ಡ ಆಸ್ಪತ್ರೆಯೊಂದಕ್ಕೆ ಸಾಗಿಸಿದೆವು. ನಾನೂ ಜೊತೆಗೆ ಹೋದೆ. ಎದೆಯ ಎಕ್ಸ್‌ರೇಯಲ್ಲಿ ಬಲಗಡೆ ಕೆಳಭಾಗದಲ್ಲಿ ಬಿಳಿ ಮಚ್ಚೆಯಿತ್ತು. ಇದನ್ನು ಅಕ್ಯೂಟ್ ಚೆಸ್ಟ್ ಸಿಂಡ್ರೋಮ್ ಎನ್ನುತ್ತೇವೆ. ಸಿಕಲ್ ಸೆಲ್ ಇರುವ ಗರ್ಭಿಣಿಯರ ಜೀವ ತೆಗೆಯುವ ಕಾರಣಗಳಲ್ಲಿ ಇದೊಂದು. ಬೆಂಗಳೂರಿನ ಗೆಳೆಯರು ಫೋನ್‌ನಲ್ಲಿ ಸಲಹೆ ಕೊಡುತ್ತಿದ್ದರು. ಆ್ಯಂಟಿಬಯೋಟಿಕ್, ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್, ಮತ್ತು ರಕ್ತ. ಇವಳಿಗೆ ಗುಂಪು ಹೊಂದಿದರೆ ಸಾಲದು, ಇನ್ನೂ ಸೂಕ್ಷ್ಮವಾಗಿ ತಾಳೆ ನೋಡಿದ ರಕ್ತ ಬೇಕಿತ್ತು. ಅದು ಸಿಗುವವರೆಗೆ ಕಾಯಬೇಕಾಯಿತು.

ಆ ಕಾಯುವಿಕೆಯಲ್ಲಿ, ವಾರ್ಡಿನ ಹೊರಗಿನ ಬೆಂಚಿನ ಮೇಲೆ, ವೆಂಕಟಮ್ಮ ತಾವು ಮಾಡಿದ್ದನ್ನು ವಿವರಿಸಿದರು. ನಾನು ಬೈಯಲೆಂದು ಕೇಳಿರಲಿಲ್ಲ. ನನಗೆ ಅರ್ಥವಾಗಬೇಕಿತ್ತು.

ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದನ್ನು ಹುಳ ಸಾಕುವವರು ಜ್ವರ ಎನ್ನುತ್ತಾರೆ. ಜ್ವರಕ್ಕೆ ಕೂತ ಹುಳ ತಲೆಯೆತ್ತಿ ಅಲುಗಾಡದೆ ಇರುತ್ತದೆ. ಆಗ ಅದಕ್ಕೆ ಸೊಪ್ಪು ಹಾಕುವ ಹಾಗಿಲ್ಲ. ಸುಣ್ಣದ ಪುಡಿ ಉದುರಿಸಿ, ಹಾಸಿಗೆ ಒಣಗಿಸಿ, ಸುಮ್ಮನೆ ಬಿಡಬೇಕು. ಆಸೆಗೆ ಬಿದ್ದು ಸೊಪ್ಪು ಹಾಕಿದರೆ ಮೊದಲು ಎದ್ದ ಹುಳ ತಿನ್ನುತ್ತವೆ, ಉಳಿದವು ಹಿಂದೆ ಬೀಳುತ್ತವೆ, ಬೆಳೆ ಕೆಡುತ್ತದೆ.

"ಒಂದು ಮಾತ್ರೆ ನಿಲ್ಸಿದ್ದಕ್ಕೆ ಮಗು ಚೆನ್ನಾಗಾಯ್ತು. ಇನ್ನ ಕೊನೇ ಮೂರು ತಿಂಗ್ಳು, ಮೈ ತುಂಬ್ಕೊಳೋ ಹೊತ್ತು. ಈ ಹೊತ್ನಲ್ಲಿ ಏನೂ ಹಾಕ್ಬಾರ್ದು, ಸುಮ್ನೆ ಬಿಟ್ರೆ ತಾನೇ ಸರಿಹೋಯ್ತದೆ ಅಂದ್ಕೊಂಡೆ," ಎಂದರು. "ನೀರೂ ಜಾಸ್ತಿ ಕೊಡ್ತಿರ್ಲಿಲ್ಲ. ಚಳಿ ಅಲ್ವಾ, ಥಂಡಿ ಆಯ್ತದೆ ಅಂತ."

ಗೌರಿ ಯಾಕೆ ಒಪ್ಪಿದಳು ಎಂದು ನಾನು ಮುನಿರಾಜುವನ್ನು ಕೇಳಿದೆ. "ನಮ್ಮೋರೆಲ್ಲ ಬೇರೆ ಜಾತಿ, ಬೇರೆ ಊರಿನ ಹುಡುಗಿ ಅಂತ ಮಾತಾಡ್ದಾಗ ಅಮ್ಮ ಒಬ್ಳೇ ಇವಳ ಪರ ನಿಂತಿದ್ದು ಮೇಡಂ. ಅಮ್ಮ ಹೇಳಿದ್ದಕ್ಕೆ ಇವಳು ಯಾವತ್ತೂ ಇಲ್ಲ ಅಂದಿಲ್ಲ."

ನಾನು ವೆಂಕಟಮ್ಮನನ್ನು ಕೇಳಿದೆ. "ಹುಳ ಜ್ವರಕ್ಕೆ ಕೂತಾಗ ಸೊಪ್ಪು ನಿಲ್ಲಿಸ್ತೀರಿ. ಗಾಳಿನೂ ನಿಲ್ಲಿಸ್ತೀರಾ?"

"ಗಾಳಿ ನಿಲ್ಸಿದ್ರೆ ಸತ್ತೇ ಹೋಯ್ತವೆ. ಕಿಟಕಿ ಎಲ್ಲಾ ತೆಗ್ದು ಬಿಡ್ತೀವಿ."

"ಆ ಕ್ಯಾಪ್ಸೂಲ್ ಸೊಪ್ಪು ಇದ್ದ ಹಾಗೆ ಅಮ್ಮ. ನಾನು ಕೊಟ್ಟ ಮೂರು, ಮತ್ತೆ ನೀರು, ಇವು ಗಾಳಿ."

ನಾನು ಕೊಟ್ಟ ಹೋಲಿಕೆ ಎಷ್ಟು ಸರಿ ಎಂದು ನನಗೂ ಖಚಿತವಿರಲಿಲ್ಲ. ಪೆನಿಸಿಲಿನ್ ಬಿಟ್ಟದ್ದರಿಂದ ಎದೆಗೆ ಸೋಂಕು ಬಂತೇ? ನೀರು ಕಡಿಮೆಯಾಗಿಯೇ? ಚಳಿಯಿಂದಲೇ? ಹೈಡ್ರಾಕ್ಸಿಯೂರಿಯಾ ನಿಲ್ಲಿಸಿದ್ದರಿಂದಲೇ ನೋವು ತಿರುಗಿ ಬಂದಿರಬಹುದೇ? ಹಾಗಾದರೆ ಅದು ವೆಂಕಟಮ್ಮ ನಿಲ್ಲಿಸಿದ್ದಲ್ಲ, ನಾನು ನಿಲ್ಲಿಸಿದ್ದು. ನಿಲ್ಲಿಸಿದ್ದು ಸರಿಯೇ, ಇವತ್ತೂ ನಿಲ್ಲಿಸುತ್ತೇನೆ. ಆದರೂ ಆ ಬೆಂಚಿನ ಮೇಲೆ ನಾವಿಬ್ಬರೂ ಮಗು ಉಳಿಯಲೆಂದು ಔಷಧ ನಿಲ್ಲಿಸಿದವರಾಗಿ ಕೂತಿದ್ದೆವು. ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ.

ರಕ್ತ ಸಿಕ್ಕಿತು. ಎರಡು ದಿನ ಹೇಗೆ ಹೋಗುತ್ತದೋ ಎಂಬಂತಿದ್ದವಳು ಮೂರನೆಯ ದಿನ ಎದ್ದು ಕೂತು ಹುಣಸೆಹಣ್ಣಿನ ಸಾರು ಕೇಳಿದಳು. ಡಿಸೆಂಬರ್ ಮಧ್ಯದಲ್ಲಿ ಮನೆಗೆ ಹೋದಳು. ಆಮೇಲೆ ಮಾತ್ರೆಗಳು ತಪ್ಪಲಿಲ್ಲ. ವೆಂಕಟಮ್ಮ ಒಂದು ಸ್ಟೀಲ್ ಚೊಂಬಿನಲ್ಲಿ ನೀರು ಅಳೆದು ಕುಡಿಸುತ್ತಿದ್ದರಂತೆ. "ಕುಡೀದಿದ್ರೆ ಎದ್ರುಗೇ ಕೂತ್ಕತಾರೆ ಮೇಡಂ, ಏಳದೇ ಇಲ್ಲ," ಎಂದು ಗೌರಿ ದೂರು ಹೇಳಿದಳು. ಜನವರಿ ಕೊನೆಯಲ್ಲಿ, ಮೂವತ್ತೇಳು ವಾರಕ್ಕೆ, ಕೋಲಾರದಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಎರಡು ಕಿಲೋ ನೂರು ಗ್ರಾಂ. ಸಣ್ಣದು, ಆದರೆ ಗಟ್ಟಿಯಾಗಿ ಅತ್ತಿತು.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ನಾನು ನೋಡಲು ಹೋದ ದಿನ ವೆಂಕಟಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ಬಾಣಂತಿಗೆ ನಮ್ಮ ಕಡೆ ನೀರು ಕಡಿಮೆ ಕೊಡುತ್ತಾರೆ, ಹೊಟ್ಟೆ ದಪ್ಪವಾಗುತ್ತದೆಂದು. ಅದನ್ನು ಕೇಳುತ್ತಾರೆ ಎಂದುಕೊಂಡೆ. ಅದನ್ನು ಅವರು ಆಗಲೇ ಬಿಟ್ಟಿದ್ದರು. ಕೇಳಿದ್ದು ಬೇರೆ.

"ಆ ಕ್ಯಾಪ್ಸೂಲ್ ನಿಲ್ಸಿ ಅಂದ್ರಿ. ಶುರು ಮಾಡೋದು ಯಾವಾಗಮ್ಮ? ಜ್ವರದಿಂದ ಎದ್ದ ಹುಳ ತಾನೇ ಹರಿದಾಡಿ ಸೊಪ್ಪು ಹುಡುಕ್ತದೆ. ಇವಳು ಬಾಯೇ ಬಿಡಲ್ವಲ್ಲ."

ಆ ಔಷಧ ಎದೆಹಾಲಿನಲ್ಲಿ ಸ್ವಲ್ಪ ಸೇರುತ್ತದೆ. ಕೊಡಲೇಬಾರದು ಎನ್ನುವವರಿದ್ದಾರೆ, ಎಚ್ಚರಿಕೆಯಿಂದ ಕೊಡಬಹುದು ಎನ್ನುವವರೂ ಇದ್ದಾರೆ. ಗೆಳೆಯರ ಜೊತೆ ಮಾತಾಡಿ, ಈ ಎರಡನ್ನೂ ಹಾಸಿಗೆಯ ಪಕ್ಕ ಕೂತು ಗೌರಿಗೇ ಹೇಳಿದೆ. ಆರು ತಿಂಗಳು ಹಾಲು ಕುಡಿಸಿ ಆಮೇಲೆ ಶುರು ಮಾಡಬಹುದು. ನಡುವೆ ನೋವು ಜಾಸ್ತಿಯಾದರೆ ಕಾಯಬಾರದು, ಬರಬೇಕು. ಆ ನೋವು ಎಷ್ಟು ಎಂದು ಹೇಳಬೇಕಾದವಳು ನೀನು, ಅತ್ತೆಯಲ್ಲ, ನಾನಲ್ಲ ಎಂದೆ. ಅವಳು ಮಗುವಿನ ಟೋಪಿ ಸರಿಮಾಡುತ್ತಾ, "ಹೂಂ," ಎಂದಳು. ಆ ಹೂಂ ಎಷ್ಟು ಗಟ್ಟಿ ಎಂದು ಗೊತ್ತಾಗಲಿಲ್ಲ.

ಈಗ ನಾನು ಕೆಲಸದಿಂದ ನಿವೃತ್ತಳಾಗಿದ್ದೇನೆ. ಗೌರಿ ಬಂದುಹೋದ ಮೇಲೆ ಉಳಿದ ವರ್ಷಗಳಲ್ಲಿ, ಯಾವ ಗರ್ಭಿಣಿ ಬಂದರೂ ಏನು ಮಾತ್ರೆ ತಗೋತಿದ್ದೀಯ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಿದ್ದೆ. ಏನು ಬಿಟ್ಟಿದ್ದೀಯ, ಯಾರು ಬಿಡು ಅಂದರು? ಫಿಟ್ಸ್ ಮಾತ್ರೆ, ಥೈರಾಯ್ಡ್ ಮಾತ್ರೆ, ಆಸ್ತಮಾದ ಇನ್‌ಹೇಲರ್, ಹೀಗೆ ಮಗುವಿಗಾಗಿ ಸದ್ದಿಲ್ಲದೆ ಬಿಟ್ಟವು ಎಷ್ಟೋ ಹೊರಬಂದವು. ನಿಲ್ಲಿಸು ಎಂಬ ಮಾತನ್ನು ನಾನು ಮತ್ತೆ ಒಂಟಿಯಾಗಿ ಹೇಳಲಿಲ್ಲ. ಯಾವುದನ್ನು ನಿಲ್ಲಿಸಬಾರದು, ನಿಲ್ಲಿಸಿದ್ದನ್ನು ಮತ್ತೆ ಯಾವಾಗ, ಯಾರನ್ನು ಕೇಳಿ ಶುರು ಮಾಡಬೇಕು ಎಂಬುದನ್ನೂ ಅದರ ಜೊತೆಗೇ ಹೇಳುತ್ತಿದ್ದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೂ.

ಗೌರಿಯ ಮಗು ಹುಟ್ಟಿದ ವರ್ಷದ ಜೂನ್ ತಿಂಗಳಲ್ಲಿ, ಆರು ತಿಂಗಳು ತುಂಬುವ ಮೊದಲೇ, ಒಂದು ಮಧ್ಯಾಹ್ನ ನನ್ನ ಫೋನ್ ಬಡಿದುಕೊಂಡಿತು. ಹಿಂದೆ ಮಗು ಅಳುತ್ತಿತ್ತು. ವೆಂಕಟಮ್ಮ ಅದನ್ನು ತೆಲುಗಿನಲ್ಲಿ ಸಮಾಧಾನ ಮಾಡುತ್ತಿದ್ದರು.

"ಮೇಡಂ, ನಾನು ಗೌರಿ. ನೆನ್ನೆಯಿಂದ ಕಾಲು ನೋವು," ಎಂದಳು. ನಾನು ಕಾದೆ. ವಸಿ ಎನ್ನುತ್ತಾಳೇನೋ ಎಂದು.

"ಜಾಸ್ತಿ ಅದೆ," ಎಂದಳು. "ಈಗ್ಲೇ ಬತ್ತೀನಿ."